ಮಾಯದ ಕಲೆ: ಬಾಲ್ಯವ್ಯಾಧಿಯನ್ನು ದಾಟಿ ಉಳಿದ ದೇಹವೂ ಕನ್ನಡದ ಕಾವ್ಯದೃಷ್ಟಿಯೂ

ಕಾವ್ಯದೋಷವನ್ನು ಕುರಿತು ಹೇಳುವಾಗ ದಂಡಿಯು ಕಾವ್ಯಾದರ್ಶದ ಆರಂಭದಲ್ಲಿಯೇ ಒಂದು ದೃಷ್ಟಾಂತವನ್ನು ಕೊಡುತ್ತಾನೆ. ದೋಷವು ಎಷ್ಟೇ ಅಲ್ಪವಾಗಿದ್ದರೂ ಅದನ್ನು ಉಪೇಕ್ಷಿಸಲಾಗದು, ಸುಂದರವಾದ ಶರೀರವೂ ತೊನ್ನಿನ ಒಂದೇ ಒಂದು ಬೊಟ್ಟಿನಿಂದ ಕೆಡುವುದಷ್ಟೆ, ಎಂಬುದು ಅವನ ಅಭಿಪ್ರಾಯ. ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ಲಾಕ್ಷಣಿಕರಿಗೆ ಮೊದಲ ದಾರಿಯಾದುದರಿಂದ, ಕನ್ನಡದ ದೋಷವಿಚಾರವೂ ಈ ದೃಷ್ಟಿಯ ನೆರಳಿನಲ್ಲಿಯೇ ಬೆಳೆಯಿತೆಂದರೆ ತಪ್ಪಾಗದು. ೧೪ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಈ ಸಾದೃಶ್ಯವನ್ನು ಇನ್ನೂ ವಿಸ್ತರಿಸಿದನು: ಶಬ್ದಾರ್ಥಗಳು ಕಾವ್ಯದ ಶರೀರ, ರಸಾದಿಗಳು ಆತ್ಮ, ಗುಣಗಳು ಶೌರ್ಯಾದಿಗಳಂತೆ, ಅಲಂಕಾರಗಳು ಕಡಗ ಕುಂಡಲಗಳಂತೆ, ದೋಷಗಳಾದರೋ ಒಕ್ಕಣ್ಣುತನ ಮುಂತಾದ ಊನಗಳಂತೆ. ಈ ಮಾತುಗಳನ್ನು ತಲೆಮಾರುಗಳಿಂದ ವಿದ್ಯಾರ್ಥಿಗಳು ಕಂಠಪಾಠ ಮಾಡಿದ್ದಾರೆ, ಅಧ್ಯಾಪಕರು ವಿವರಿಸಿದ್ದಾರೆ. ಉಪಮೇಯವಾದ ಕಾವ್ಯದ ಕಡೆಗೆ ಎಲ್ಲರ ಗಮನವೂ ಹರಿದುದರಿಂದ ಉಪಮಾನವಾದ ದೇಹದ ಕಡೆಗೆ ತಿರುಗಿ ನೋಡಿದವರು ವಿರಳ. ತೊನ್ನುಳ್ಳವನಾಗಲಿ ಒಕ್ಕಣ್ಣನಾಗಲಿ ಈ ಪಾಠವನ್ನು ಕೇಳುತ್ತ ಕುಳಿತಿದ್ದರೆ ಅವನಿಗೆ ಏನು ತಿಳಿಯುವುದೆಂಬ ಪ್ರಶ್ನೆಯು ಅಲಂಕಾರಶಾಸ್ತ್ರದ್ದಲ್ಲವೆಂದು ಕೆಲವರು ಹೇಳಬಹುದು. ಆದರೆ ಅದು ಸಾಹಿತ್ಯವನ್ನು ಬೋಧಿಸುವವರ ಪ್ರಶ್ನೆಯಂತೂ ಹೌದು.

ಈ ಪ್ರಶ್ನೆಯು ಬರಿಯ ಊಹೆಯಲ್ಲವೆಂಬುದಕ್ಕೆ ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳೇ ಸಾಕ್ಷಿ. ಇವು ನಾಲ್ಕೂ ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಮಳೆ ಕಡಮೆಯಾದ ಕಲ್ಲುನೆಲ. ಜಯಮಂಗಲಿಯು ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕೊರಟಗೆರೆ ಮಧುಗಿರಿಗಳ ಮೇಲೆ ಹಾದು ಉತ್ತರ ಪಿನಾಕಿನಿಯನ್ನು ಸೇರುವುದಾದರೂ ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಮರಳೇ ಹೆಚ್ಚು. ಕೆರೆಬಾವಿಗಳು ಬತ್ತಿದಂತೆಲ್ಲ ಜನರು ಕೊಳವೆಬಾವಿಗಳನ್ನು ಆಳಕ್ಕೆ ಇಳಿಸಿದರು. ಕಣಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಶಿಲೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬಂದಿತು. ಕುಡಿಯುವ ನೀರಿನಲ್ಲಿ ಈ ಲವಣವು ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಈ ಸೀಮೆಯ ಅನೇಕ ಗ್ರಾಮಗಳಲ್ಲಿ, ವಿಶೇಷವಾಗಿ ಪಾವಗಡದ ಕಡೆ, ನೀರು ಆ ಮಿತಿಯನ್ನು ದಾಟಿದುದು ಪ್ರಸಿದ್ಧವಾದ ಸಂಗತಿ. ಭಾರತದಲ್ಲಿ ಈ ವ್ಯಾಧಿಯನ್ನು ವೈದ್ಯರು ಮೊದಲು ವಿವರಿಸಿದುದು ೧೯೩೭ರಲ್ಲಿ, ಅಂದಿನ ಮದರಾಸು ಆಧಿಪತ್ಯದ ನೆಲ್ಲೂರು ಸೀಮೆಯಲ್ಲಿ. ಬಹುತೇಕ ಎಲ್ಲ ದಿಕ್ಕುಗಳಲ್ಲಿಯೂ ತೆಲುಗು ನಾಡಿನಿಂದ ಸುತ್ತುವರಿಯಲ್ಪಟ್ಟಿರುವ ಪಾವಗಡಕ್ಕೆ ಭಾಷೆಯಲ್ಲಿ ಮಾತ್ರವಲ್ಲದೆ ನೀರಿನಲ್ಲಿಯೂ ಆ ನಾಡಿನ ನಂಟುಂಟು.

ಈ ವ್ಯಾಧಿಯ ಸ್ವಭಾವವು ವಿಮರ್ಶಕನ ಗಮನಕ್ಕೆ ಅರ್ಹವಾದುದು. ಹಲ್ಲಿನ ಮೇಲುಹೊದಿಕೆಯು ವಸಡಿನೊಳಗೆ ಕಟ್ಟಿಕೊಳ್ಳುತ್ತಿರುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದ ಒಳಗೆ, ಫ್ಲೋರೈಡು ಮೈಗೆ ಸೇರಿದರೆ ಮಾತ್ರ ಹಲ್ಲು ಕೆಡುವುದು. ಮೊದಲು ಸುಣ್ಣ ಬಳಿದಂತಹ ಮಚ್ಚೆ, ಆಮೇಲೆ ಹಳದಿ, ಆಮೇಲೆ ಕಂದು. ದೊಡ್ಡವನಾದ ಮೇಲೆ ಬಂದು ಅದೇ ನೀರನ್ನು ಕುಡಿದವನ ಹಲ್ಲಿಗೆ ಈ ಕಲೆಯಿಲ್ಲ. ಹುಟ್ಟಿ ಬೆಳೆದವನು ಊರು ಬಿಟ್ಟು ಹೋಗಿ ಒಳ್ಳೆಯ ನೀರನ್ನು ಕುಡಿದರೂ ಆ ಕಲೆ ತಾನಾಗಿ ಹೋಗುವುದಿಲ್ಲ. ಸಂಸ್ಕೃತವು ಹಲ್ಲನ್ನು ದ್ವಿಜವೆಂದು ಕರೆಯುವುದು, ಎರಡು ಸಲ ಹುಟ್ಟುವುದರಿಂದ. ಹಾಲುಹಲ್ಲು ಬಹುಮಟ್ಟಿಗೆ ತಪ್ಪಿಸಿಕೊಂಡು ಎರಡನೆಯ ಹುಟ್ಟೇ ಹೆಚ್ಚಾಗಿ ಕಲೆಯನ್ನು ಹೊತ್ತು ಬರುವುದು ಇಲ್ಲಿನ ವಿಚಿತ್ರ. ಹೀಗೆ ಮೂವತ್ತು ನಲವತ್ತು ವರ್ಷದವನ ಮುಖದಲ್ಲಿ ಅವನ ಐದನೆಯ ವರ್ಷದ ನೀರು ಎಲ್ಲರಿಗೂ ಕಾಣುವಂತೆ ನಿಂತುಬಿಡುತ್ತದೆ.

ಇನ್ನು ಇಂತಹ ಹುಡುಗನು ಶಾಲೆಯಲ್ಲಿ ಓದುವ ಪದ್ಯಗಳನ್ನು ನೋಡಬೇಕು. ಹಲ್ಲೆಂದರೆ ದಾಳಿಂಬೆಯ ಬೀಜ, ಮಲ್ಲಿಗೆಯ ಮೊಗ್ಗು, ಮುತ್ತಿನ ಸಾಲು. ನಗೆಯೆಂದರೆ ಬೆಳುದಿಂಗಳು. ನಗೆಯೂ ಕೀರ್ತಿಯೂ ಬೆಳ್ಳಗಿರುವುವೆಂಬುದು ಕವಿಸಮಯ. ಹಾಸ್ಯರಸಕ್ಕೆ ಬಿಳಿಯ ಬಣ್ಣವನ್ನು ಭರತನೇ ವಿಧಿಸಿದ್ದಾನೆ. ಅಷ್ಟಾದಶ ವರ್ಣನೆಗಳ ಭಾರವನ್ನು ಹೊತ್ತ ಮಹಾಕಾವ್ಯಗಳಲ್ಲಿ ಈ ಬಿಳುಪು ಎಷ್ಟು ಸಲ ಬಂದಿದೆಯೆಂದು ಎಣಿಸುವುದು ವ್ಯರ್ಥಶ್ರಮ. ಇದಕ್ಕಿಂತಲೂ ಸ್ವಾರಸ್ಯವಾದುದು ನಾಟ್ಯಶಾಸ್ತ್ರದಲ್ಲಿ ಬರುವ ನಗೆಯ ಆರು ಭೇದಗಳ ವಿಚಾರ. ಸ್ಮಿತ, ಹಸಿತಗಳು ಉತ್ತಮ ಪ್ರಕೃತಿಯವರಿಗೆ, ವಿಹಸಿತ, ಉಪಹಸಿತಗಳು ಮಧ್ಯಮರಿಗೆ, ಅಪಹಸಿತ, ಅತಿಹಸಿತಗಳು ಅಧಮರಿಗೆ ಎಂದು ಅಲ್ಲಿ ಹಂಚಿಕೆಯಾಗಿದೆ. ಸ್ಮಿತದ ಲಕ್ಷಣಗಳಲ್ಲಿ ಮುಖ್ಯವಾದುದು ಹಲ್ಲು ಕಾಣದಿರುವುದು. ಹಸಿತದಲ್ಲಿ ಅದು ಕಿಂಚಿತ್ತಾಗಿ ಕಾಣುವುದು. ತುಟಿಯನ್ನು ಮುಚ್ಚಿಕೊಂಡೇ ನಗುವುದು ಶಾಸ್ತ್ರದಲ್ಲಿ ಕುಲೀನತೆಯ ಗುರುತಾಯಿತು. ಪಾವಗಡದ ಸೀಮೆಯಲ್ಲಿ ತುಟಿ ಮುಚ್ಚಿ ನಗುವವನು, ಬಾಯಿಗೆ ಕೈ ಅಡ್ಡವಿಟ್ಟು ನಗುವವಳು, ಮದುವೆಯ ಚಿತ್ರಪಟದಲ್ಲಿ ಗಂಭೀರವಾಗಿ ನಿಲ್ಲುವವರು ಭರತನ ಲೆಕ್ಕದಲ್ಲಿ ಉತ್ತಮ ಪ್ರಕೃತಿಯವರೇ ಸರಿ. ನಗೆಯ ಒಂದೇ ಬಾಹ್ಯರೂಪಕ್ಕೆ ಸಂಯಮವೂ ಕಾರಣವಾಗಬಹುದು, ಸಂಕೋಚವೂ ಕಾರಣವಾಗಬಹುದು. ಅನುಭಾವವನ್ನು ಕಂಡು ಭಾವವನ್ನು ಊಹಿಸುವ ರಸಶಾಸ್ತ್ರಕ್ಕೆ ಇವೆರಡನ್ನೂ ಬೇರ್ಪಡಿಸುವ ಸಾಧನವಿಲ್ಲದಿರುವುದು ಸಣ್ಣ ಕೊರತೆಯಲ್ಲ.

ಹಲ್ಲಿನ ಕಲೆ ನೋವನ್ನು ಕೊಡುವಂತಹದಲ್ಲ, ಪ್ರಾಣಕ್ಕೆ ಎರವಾಗುವುದಂತೂ ಅಲ್ಲ. ವ್ಯಾಧಿಯು ಮೂಳೆಗೆ ಇಳಿದಾಗ ಮಾತು ಬೇರೆ. ಬಗ್ಗಿ ಕಾಲ್ಬೆರಳನ್ನು ಮುಟ್ಟಲಾಗದೆ, ಗದ್ದವನ್ನು ಎದೆಗೆ ತಾಗಿಸಲಾಗದೆ ಬೆನ್ನು ಬಿರುಸಾದವರು ಆ ಹಳ್ಳಿಗಳಲ್ಲಿ ಉಂಟು. ಆದರೆ ದೇಹದ ಮೇಲಣ ಭರವಸೆಯ ಪ್ರಶ್ನೆಯು ತೀಕ್ಷ್ಣವಾಗಿ ಏಳುವುದು ಬಾಲ್ಯದಲ್ಲಿ ಕ್ಯಾನ್ಸರ್ ರೋಗಕ್ಕೆ ಸಿಕ್ಕಿ, ಚಿಕಿತ್ಸೆಯಿಂದ ಪಾರಾಗಿ, ಈಗ ಪ್ರಾಯದವರಾಗಿರುವವರಲ್ಲಿ. ಸುಶ್ರುತನು ಅರ್ಬುದವೆಂದು ಕರೆದ ವ್ಯಾಧಿಗಳ ಗುಂಪಿಗೆ ಹೊಸಗನ್ನಡವು ಏಡಿಗಂತಿಯೆಂಬ ಹೆಸರನ್ನು ಕಲ್ಪಿಸಿತು. ಗ್ರೀಕರು ಏಡಿಯ ಹೆಸರಿನಿಂದ ಅದನ್ನು ಕರೆದುದರ ಅನುಕರಣೆಯಿದು. ಹಳ್ಳಿಯ ಜನರು ಎರಡನ್ನೂ ಬಿಟ್ಟು ಕ್ಯಾನ್ಸರ್ ಎಂದೇ ಹೇಳುವರು, ಅದೂ ದನಿಯನ್ನು ತಗ್ಗಿಸಿ.

ಮಕ್ಕಳ ರಕ್ತಕ್ಯಾನ್ಸರಿಗೆ ಔಷಧಿಯಿಂದ ತಾತ್ಕಾಲಿಕವಾಗಿಯಾದರೂ ಇಳಿತವುಂಟೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರನು ಪ್ರಕಟಿಸಿದುದು ೧೯೪೮ರಲ್ಲಿ. ಅವನು ಬಳಸಿದ ಅಮಿನಾಪ್ಟೆರಿನ್ ಎಂಬ ಔಷಧವು ಸಿದ್ಧವಾದುದು ಭೀಮವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾಯರ ಮೇಲ್ವಿಚಾರಣೆಯಲ್ಲಿದ್ದ ಪ್ರಯೋಗಶಾಲೆಯಲ್ಲಿ; ಅದೇ ವರ್ಷ ಅವರು ತೀರಿಕೊಂಡರು. ಅಂದಿನಿಂದ ಈ ವಿದ್ಯೆಯು ಬಹಳ ಮುಂದುವರಿದು, ಸಂಪನ್ನ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಎಲ್ಲ ದೇಶಗಳಲ್ಲಿಯೂ ೨೦೩೦ರ ವೇಳೆಗೆ ನೂರಕ್ಕೆ ಅರವತ್ತು ಮಂದಿಯಾದರೂ ಉಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಗುರಿಯಿಟ್ಟಿತು. ಕರ್ಣಾಟಕದಲ್ಲಿ ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯು ಬಡವರ ಪಾಲಿಗೆ ಮುಖ್ಯ ಆಶ್ರಯವಾಗಿದೆ; ತುಮಕೂರಿನ ಉತ್ತರ ತಾಲ್ಲೂಕುಗಳವರಿಗೂ ಅದೇ ಹತ್ತಿರದ ದೊಡ್ಡ ಆಸ್ಪತ್ರೆ.

ಉಳಿದವರ ಮೈಯಲ್ಲಿ ಏನೇನು ಉಳಿಯುವುದೆಂಬುದನ್ನು ಮರೆಮಾಚದೆ ಹೇಳಬೇಕು. ಮೂಳೆಯ ಗಂತಿಯಾದರೆ ಕೆಲವೊಮ್ಮೆ ಕಾಲನ್ನೇ ಕಳೆದುಕೊಳ್ಳಬೇಕಾಗುವುದು. ಕಣ್ಣುಪೊರೆಯ ಗಂತಿಯಾದರೆ ಕಣ್ಣನ್ನು. ತಲೆಗೆ ಕಿರಣಚಿಕಿತ್ಸೆಯಾದ ಮಗು ಎತ್ತರಕ್ಕೆ ಬೆಳೆಯದೆ ನಿಲ್ಲಬಹುದು. ಕೆಲವು ಔಷಧಗಳು ರೋಗವನ್ನು ಕೊಲ್ಲುವಾಗ ಹೃದಯದ ಮಾಂಸಕ್ಕೂ ಪೆಟ್ಟು ಕೊಟ್ಟಿರುತ್ತವೆ. ಅದು ಇಪ್ಪತ್ತು ವರ್ಷದ ಮೇಲೆ ತೋರಬಹುದು, ತೋರದೆಯೂ ಇರಬಹುದು. ಕೂದಲು ಬಹುಪಾಲು ಮರಳಿ ಬರುವುದು, ಕೆಲವರಿಗೆ ತೆಳುವಾಗಿ. ಅಮೆರಿಕದಲ್ಲಿ ೧೯೯೪ರಲ್ಲಿ ಆರಂಭವಾಗಿ ಸಹಸ್ರಾರು ಮಂದಿಯನ್ನು ದಶಕಗಳ ಕಾಲ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ತಲೆ ಕತ್ತುಗಳ ಮೇಲೆ ಕಲೆ ವಿರೂಪಗಳು ಉಳಿದವರಿಗೂ ಕೂದಲು ಸರಿಯಾಗಿ ಬಾರದವರಿಗೂ ಮನೋವ್ಯಥೆ ಹೆಚ್ಚೆಂದು ಕಂಡುಬಂದಿತು. ಬಹುಮಂದಿ ಓರಗೆಯವರಂತೆಯೇ ಬಾಳುತ್ತಾರೆಂಬುದೂ ಅಷ್ಟೇ ದಿಟ. ಬಂಧುಗಳು ಇವರಿಗೆ ಪುನರ್ಜನ್ಮವಾಯಿತೆನ್ನುವರು. ಸದುದ್ದೇಶದ ಮಾತೇ, ಆದರೆ ಪುನರ್ಜನ್ಮದಲ್ಲಿ ಹೊಸ ದೇಹ ಬರುವುದುಂಟು, ಇಲ್ಲಿ ಹಳೆಯ ದೇಹದೊಡನೆಯೇ ಬಾಳುವೆ ನಡೆಯಬೇಕು. ಹೆಣ್ಣು ನೋಡಲು ಬಂದವರೆದುರು ಎದೆಯ ಮೇಲಿನ ಗಾಯದ ಗುರುತನ್ನು ಸೆರಗು ಮುಚ್ಚುವುದು. ಏದುಸಿರನ್ನು ಸೆರಗು ಮುಚ್ಚಲಾರದು.

ಇಂತಹ ದೇಹಕ್ಕೆ ನಮ್ಮ ಸಾಹಿತ್ಯಪರಂಪರೆಯಲ್ಲಿ ಎಡೆ ಎಲ್ಲಿ? ಮೊದಲು ಕಣ್ಣಿಗೆ ಬೀಳುವುದು ಕಳೆದ ರೂಪವು ಮರಳಿ ಬರುವ ಕಥೆಗಳ ದೊಡ್ಡ ಸಾಲು. ತಾಯ ಗರ್ಭದಲ್ಲಿರುವಾಗಲೇ ತಂದೆ ಕಹೋಡನ ಶಾಪದಿಂದ ಎಂಟೆಡೆಯಲ್ಲಿ ಡೊಂಕಾದ ಅಷ್ಟಾವಕ್ರನು ಹುಡುಗನಾಗಿಯೇ ಜನಕನ ಸಭೆಯಲ್ಲಿ ವಾದಿಯನ್ನು ಗೆಲ್ಲುತ್ತಾನೆ; ಗೆದ್ದ ಮೇಲೆ ಸಮಂಗಾ ನದಿಯಲ್ಲಿ ಮಿಂದು ನೇರವಾಗುತ್ತಾನೆ. ಭಾಗವತದ ಕುಬ್ಜೆಯನ್ನು ಕೃಷ್ಣನು ನೆಟ್ಟಗಾಗಿಸುವನು. ಹರಿಹರನ ಕಣ್ಣಪ್ಪನ ಕಣ್ಣಿಗೂ ನಂಬಿಯಣ್ಣನ ದೃಷ್ಟಿಗೂ ಶಿವನೇ ಹೊಣೆ. ಸಜ್ಜನನ ದೇಹ ಕೊನೆಗೆ ಸರಿಹೋಗಲೇಬೇಕು; ಸರಿಹೋಗದ ದೇಹ ರಾಮಾಯಣದ ಮಂಥರೆಯದು, ಅಲ್ಲಿ ಗೂನು ಮನಸ್ಸಿನ ಡೊಂಕಿಗೆ ಗುರುತಾಗಿ ನಿಲ್ಲುವುದು. ಸಜ್ಜನನೂ ಆಗಿದ್ದು ಕಲೆಯನ್ನೂ ಕೊನೆಯವರೆಗೆ ಹೊತ್ತವನಿಗೆ ಈ ಎರಡು ಮನೆಗಳಲ್ಲಿಯೂ ಸ್ಥಳವಿಲ್ಲ.

ಈ ಸಾಲಿನಲ್ಲಿ ಒಂದು ಕಥೆಯು ಮಾತ್ರ ಮೇಲೆ ಹೇಳಿದ ಚೌಕಟ್ಟಿಗೆ ಪೂರ್ತಿಯಾಗಿ ಒಗ್ಗುವುದಿಲ್ಲ. ಅದು ನಳನ ಕಥೆ. ಕನ್ನಡಿಗರಿಗೆ ಇದು ಕನಕದಾಸರ ಭಾಮಿನೀ ಷಟ್ಪದಿಯ ನಳಚರಿತ್ರೆಯಿಂದ ಪರಿಚಿತ. ಆದರೆ ಪ್ರಕೃತ ವಿಷಯಕ್ಕೆ ವ್ಯಾಸಭಾರತದ ವನಪರ್ವದ ನಳೋಪಾಖ್ಯಾನವನ್ನೇ ನೋಡುವುದು ಲೇಸು. ಕಾಳ್ಗಿಚ್ಚಿನಿಂದ ತನ್ನನ್ನು ಕಾಪಾಡಿದ ನಳನನ್ನು ಕಾರ್ಕೋಟಕನು ಹೆಜ್ಜೆಯೆಣಿಸುತ್ತ ನಡೆಯೆಂದು ಹೇಳಿ ಹತ್ತನೆಯ ಹೆಜ್ಜೆಯಲ್ಲಿ ಕಚ್ಚುತ್ತಾನೆ. ನಳನು ತನ್ನ ರೂಪ ಕೆಟ್ಟುದನ್ನು ಕಂಡು ಬೆರಗಾಗಿ ನಿಲ್ಲಲು, ಸರ್ಪವು ಕಾರಣವನ್ನು ತಿಳಿಸುವುದು: ಈ ವಿಷವು ಬಾಧಿಸುವುದು ನಳನನ್ನಲ್ಲ, ಅವನ ಮೈಯೊಳಗೆ ಹೊಕ್ಕಿರುವ ಕಲಿಯನ್ನು. ಒಳಗಿನ ಶತ್ರುವನ್ನು ಸುಡುವುದಕ್ಕಾಗಿಯೇ ಹೊರಗಿನಿಂದ ಹೊಗಿಸಿದ ವಿಷ, ಅದರ ಬೆಲೆಯಾಗಿ ತೆತ್ತ ರೂಪ. ಕ್ಯಾನ್ಸರಿನ ಔಷಧಗಳ ಸ್ವಭಾವವನ್ನು ಬಲ್ಲವರಿಗೆ ಈ ಪ್ರಸಂಗವು ಎಷ್ಟು ಸಮೀಪದ್ದೆಂದು ಬೇರೆ ಹೇಳಬೇಕಾಗಿಲ್ಲ. ಕಾರ್ಕೋಟಕ, ಕರ್ಕಟಕ ಎಂಬ ಶಬ್ದಗಳ ಧ್ವನಿಸಾಮ್ಯವನ್ನು ಹಿಡಿದು ಇಲ್ಲಿ ಯಾರಾದರೂ ಗೂಢಾರ್ಥವನ್ನು ಹೆಣೆಯಲು ಹೊರಟರೆ ಅದು ಶಬ್ದಚಾಪಲ್ಯವಷ್ಟೇ ಆಗುವುದು. ಸಾಮ್ಯವಿರುವುದು ಕಥೆಯ ಒಡಲಿನಲ್ಲಿ.

ಇದಕ್ಕಿಂತ ಮುಖ್ಯವಾದುದು ಮುಂದಿನ ಘಟ್ಟ. ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತೊಡನೆ ಕಲಿಯು ಕಾರ್ಕೋಟಕನ ವಿಷವನ್ನು ಕಾರುತ್ತ ನಳನ ಮೈಯಿಂದ ಹೊರಟು ತಾರೆಯ ಮರವನ್ನು ಹೊಗುತ್ತಾನೆ. ರೋಗ ಬಿಟ್ಟಿತು. ಆದರೆ ರೂಪ ಬರಲಿಲ್ಲ. ಆ ಕ್ಷಣದ ನಳನನ್ನು ವ್ಯಾಸರು ಜ್ವರ ತೊಲಗಿದವನೆಂದೂ ತನ್ನ ರೂಪವೊಂದರಿಂದ ಮಾತ್ರ ಅಗಲಿದವನೆಂದೂ ಬಣ್ಣಿಸಿದ್ದಾರೆ. ಕಾರ್ಕೋಟಕನು ಕೊಟ್ಟ ದಿವ್ಯವಸ್ತ್ರಗಳು ಅವನ ಬಳಿಯಲ್ಲಿಯೇ ಇವೆ. ಅವನ್ನು ಉಟ್ಟರೆ ಸಾಕು, ರೂಪ ಮರಳುವುದು. ಅವನು ಉಡುವುದಿಲ್ಲ. ಕಲಿಯು ಬಿಟ್ಟ ಗಳಿಗೆಯಿಂದ ಆ ವಸ್ತ್ರವನ್ನು ಉಡುವ ಗಳಿಗೆಯವರೆಗಿನ ಕಥಾಭಾಗವು ವಿಮರ್ಶಕರು ಸಾಮಾನ್ಯವಾಗಿ ಕೊಟ್ಟಿರುವುದಕ್ಕಿಂತ ಹೆಚ್ಚಿನ ಗಮನವನ್ನು ಬೇಡುತ್ತದೆ. ವ್ಯಾಧಿ ತೀರಿದೆ, ಕುರುಹು ಉಳಿದಿದೆ ಎಂಬ ಸ್ಥಿತಿಯನ್ನು ಪ್ರಾಚೀನ ಕವಿಯೊಬ್ಬನು ಇಷ್ಟು ವಿವರವಾಗಿ ನೋಡಿರುವುದು ಅಪೂರ್ವ.

ಆ ಸ್ಥಿತಿಯಲ್ಲಿ ಬಾಹುಕನು ಹೇಗೆ ನಡೆದುಕೊಳ್ಳುವನು? ಕುದುರೆಗಳ ವಿಷಯದಲ್ಲಿ ಅವನಿಗೆ ಕಿಂಚಿತ್ತೂ ಅಳುಕಿಲ್ಲ. ಋತುಪರ್ಣನನ್ನು ಒಂದೇ ದಿನದಲ್ಲಿ ಕುಂಡಿನಪುರಕ್ಕೆ ಮುಟ್ಟಿಸುವುದಾಗಿ ಒಪ್ಪಿ, ರಾಜನ ಕಣ್ಣಿಗೆ ಕೃಶವಾಗಿ ತೋರಿದ ಕುದುರೆಗಳನ್ನೇ ಆರಿಸಿ ಓಡಿಸುತ್ತಾನೆ. ಅಡುಗೆಯಲ್ಲಿಯೂ ಅವನ ಕೈ ಹಾಗೆಯೇ ಇದೆ. ಮೈಯ ರೂಪ ಬೇರೆ, ಮೈಗೆ ಬಲ್ಲ ವಿದ್ಯೆ ಬೇರೆ ಎಂಬ ವಿವೇಚನೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ತನ್ನ ಮಕ್ಕಳಾದ ಇಂದ್ರಸೇನ ಇಂದ್ರಸೇನೆಯರು ಎದುರಿಗೆ ಬಂದಾಗ ಅವರನ್ನು ಅಪ್ಪಿಕೊಂಡು ಅತ್ತು, ಆಮೇಲೆ, ಇವರು ತನ್ನ ಮಕ್ಕಳನ್ನು ಹೋಲುವುದರಿಂದ ಕಣ್ಣೀರು ಬಂದಿತೆಂದು ಸಬೂಬು ಹೇಳುತ್ತಾನೆ. ಕುದುರೆಯ ಮುಂದೆ ಇದ್ದ ಧೈರ್ಯ ಮಕ್ಕಳ ಮುಂದೆ ಇಲ್ಲ. ಅಪರಿಚಿತರೆದುರು ನಿರ್ಭಯವಾಗಿ ನಡೆಯುವ ದೇಹವು, ಹಿಂದಿನ ರೂಪವನ್ನು ಬಲ್ಲವರೆದುರು ಮಾತ್ರ ಕುಗ್ಗುವುದೆಂಬುದು ಸೂಕ್ಷ್ಮವಾದ ಅರಿವು. ದಮಯಂತಿಯಾದರೋ ಅವನ ಮುಖದಲ್ಲಿ ನಳನನ್ನು ಹುಡುಕುವುದಿಲ್ಲ. ದಾಸಿ ಕೇಶಿನಿಯನ್ನು ಕಳುಹಿಸಿ ಅವನ ಕೆಲಸಗಳನ್ನು ಪರೀಕ್ಷಿಸಿ, ಅವನು ಬೇಯಿಸಿದ ಮಾಂಸದ ರುಚಿಯಿಂದ ಅವನನ್ನು ನಿಶ್ಚಯಿಸುತ್ತಾಳೆ. ಗುರುತು ಹಿಡಿಯುವ ಕೆಲಸ ಮುಗಿದಾಗ ಅವನಿನ್ನೂ ಬಾಹುಕನೇ. ಆಮೇಲೆ ಕವಿಯು ಅವನಿಗೆ ವಸ್ತ್ರವನ್ನುಡಿಸಿ ಹಳೆಯ ರೂಪವನ್ನು ಕೊಟ್ಟುದು ಕಥೆಯ ಸಂಪ್ರದಾಯಕ್ಕೆ ತೆತ್ತ ಕಂದಾಯವೆನ್ನಬೇಕು. ದಮಯಂತಿಗೆ ಅದರ ಅವಶ್ಯಕತೆಯಿತ್ತೇ ಎಂಬುದನ್ನು ಅಧ್ಯಾಪಕರು ತರಗತಿಯಲ್ಲಿ ಚರ್ಚೆಗೆ ಇಡಬಹುದು.

ಜನ್ನನ ಯಶೋಧರಚರಿತೆ (೧೨೦೯) ಇದಕ್ಕೆ ನೇರ ವಿರುದ್ಧವಾದ ಧ್ರುವ. ರಾತ್ರಿಯಲ್ಲಿ ಕೇಳಿದ ಹಾಡಿಗೆ ರಾಣಿ ಅಮೃತಮತಿ ಮನಸೋಲುತ್ತಾಳೆ; ಹಾಡಿದವನನ್ನು ನೋಡಿ ಬರಲು ಹೋದ ಕೆಳದಿ ಅಷ್ಟಾವಂಕನೆಂಬ ಮಾವಟಿಗನ ಅಂಗಾಂಗಗಳ ವಿಕಾರವನ್ನು ಬಣ್ಣಿಸುತ್ತಾಳೆ. ಆ ವರ್ಣನೆಯ ಶಕ್ತಿಯನ್ನು ಮೆಚ್ಚದ ಸಹೃದಯರಿಲ್ಲ. ನಖಶಿಖಾಂತ ವರ್ಣನೆಯ ಸಿದ್ಧ ಕ್ರಮವನ್ನೇ ತಲೆಕೆಳಗು ಮಾಡಿ ಬೀಭತ್ಸವನ್ನು ಸಾಧಿಸಿದ ಕೌಶಲವದು. ಜನ್ನನ ಧರ್ಮೋದ್ದೇಶಕ್ಕೆ ಅದು ಬೇಕಾಗಿತ್ತೆಂಬುದೂ ಸರಿ. ಆದರೂ ಒಂದು ಮಾತು ಉಳಿಯುವುದು. ಕಾವ್ಯದಲ್ಲಿ ಆ ಮಾವಟಿಗನ ದೇಹವನ್ನು ಎಲ್ಲರೂ ನೋಡುತ್ತಾರೆ, ಅವನು ಮಾತ್ರ ನೋಡುವುದಿಲ್ಲ. ಅಷ್ಟು ಇಂಪಾಗಿ ಹಾಡಬಲ್ಲವನಿಗೆ ತನ್ನ ಮೈಯ ವಿಷಯದಲ್ಲಿ ಏನನ್ನಿಸಿತ್ತು, ಕತ್ತಲೆಯಲ್ಲಿ ಹಾಡುವುದಕ್ಕೂ ಅದಕ್ಕೂ ಏನಾದರೂ ಸಂಬಂಧವಿತ್ತೇ ಎಂಬುದು ಜನ್ನನ ಪ್ರಶ್ನೆಯಲ್ಲ. ತಡವಾಗಿ ಬಂದ ರಾಣಿಯನ್ನು ಅವನು ಹೊಡೆಯುವ ಸನ್ನಿವೇಶವು ವಿಕಾರದೇಹಿಯು ಕ್ರೂರಿಯೂ ಆಗಿರಬೇಕೆಂಬ ಹಳೆಯ ಸಮೀಕರಣವನ್ನು ಬಿಗಿಗೊಳಿಸುವುದು. ಪಠ್ಯವಾಗಿ ಈ ಭಾಗವನ್ನು ಬೋಧಿಸುವಾಗ ವರ್ಣನೆಯ ಚಮತ್ಕಾರಕ್ಕೆ ನಗುವ ತರಗತಿಯಲ್ಲಿ ನಗಲಾರದೆ ಕುಳಿತವರು ಇರಬಹುದೆಂಬ ಎಚ್ಚರವು ಜನ್ನನ ಹಿರಿಮೆಗೆ ಕುಂದನ್ನು ತರುವುದಿಲ್ಲ.

ವಚನಕಾರರು ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಹಿಡಿದರು. ದೇಹವೇ ದೇಗುಲ, ಕಾಲುಗಳೇ ಕಂಬ, ತಲೆಯೇ ಕಳಸ ಎಂಬರ್ಥದ ಬಸವಣ್ಣನವರ ವಚನವು ಕನ್ನಡಿಗರಿಗೆಲ್ಲ ತಿಳಿದುದೇ. ಒಂದು ಕಂಬವಿಲ್ಲದವನ ದೇಗುಲದ ಗತಿಯೇನು ಎಂದು ಕುತರ್ಕಿಯಾದವನು ಕೇಳಿಯಾನು. ಆದರೆ ಆ ವಚನದ ಭಾರವೆಲ್ಲ ಬಿದ್ದಿರುವುದು ಕಂಬಗಳ ಲೆಕ್ಕದ ಮೇಲಲ್ಲ, ಸ್ಥಾವರವು ಅಳಿಯುವುದು, ಚಲಿಸುವುದು ಉಳಿಯುವುದು ಎಂಬ ಕೊನೆಯ ಮಾತಿನ ಮೇಲೆ. ಊರುಗೋಲಿನಿಂದ ನಡೆದರೂ ಅದು ಚಲನೆಯೇ. ಈ ವ್ಯಾಖ್ಯಾನವು ವಚನಕ್ಕೆ ಹೊರಗಿನಿಂದ ತಂದುದಲ್ಲ; ಕಟ್ಟಡದ ಪೂರ್ಣತೆಯನ್ನು ಬಿಟ್ಟುಕೊಟ್ಟು ನಡಿಗೆಯನ್ನು ಎತ್ತಿಹಿಡಿಯುವುದೇ ಆ ವಚನದ ವಾದಸರಣಿ.

ಅಕ್ಕಮಹಾದೇವಿಯ ಪ್ರಸಂಗವು ಇಷ್ಟು ಸುಲಭವಲ್ಲ. ೧೫ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ, ಸೀರೆಯನ್ನು ತ್ಯಜಿಸಿದವಳು ಕೂದಲಿನಿಂದ ಮೈಯನ್ನು ಮರೆಸಿಕೊಂಡುದೇಕೆಂದು ಅಲ್ಲಮಪ್ರಭುವು ಅನುಭವಮಂಟಪದಲ್ಲಿ ಕೇಳುತ್ತಾನೆ. ತನಗೆ ನಾಚಿಕೆಯುಂಟಾದುದರಿಂದಲ್ಲ, ನೋಡುವವರಿಗೆ ನೋವಾದೀತೆಂದು ಮರೆಸಿದುದೆಂಬುದು ಆಕೆಯ ಉತ್ತರದ ತಾತ್ಪರ್ಯ. ಇದನ್ನು ವೈರಾಗ್ಯದ ಪರೀಕ್ಷೆಯೆಂದು ಓದುವುದು ರೂಢಿ. ಮುಚ್ಚಿಕೊಳ್ಳುವವರ ಪರವಾಗಿಯೂ ಇದನ್ನು ಓದಬಹುದು. ಕಲೆಯಿರುವವರು ಅದನ್ನು ಮರೆಮಾಡಿದರೆ ಧೈರ್ಯವಿಲ್ಲವೆಂದೂ ತೋರಿಸಿದರೆ ಧೀರರೆಂದೂ ತೀರ್ಪು ಕೊಡುವುದು ಈಗ ಬಳಕೆಗೆ ಬಂದಿದೆ. ಅಕ್ಕನ ಉತ್ತರವು ಆ ತೀರ್ಪನ್ನು ಒಪ್ಪುವುದಿಲ್ಲ. ಮುಚ್ಚಿಕೊಳ್ಳುವುದು ನೋಡುವವರ ದೌರ್ಬಲ್ಯವನ್ನು ಕಂಡು ತೋರಿದ ದಾಕ್ಷಿಣ್ಯವೂ ಆಗಬಹುದು. ಕೊರಟಗೆರೆಯ ಸಂತೆಗೆ ತಲೆವಸ್ತ್ರ ಕಟ್ಟಿಕೊಂಡು ಹೋಗುವವಳನ್ನು ಅಳುಕಿನವಳೆಂದು ಬಗೆಯಲು ಯಾರಿಗೂ ಅಧಿಕಾರವಿಲ್ಲ.

ಇಲ್ಲಿಯವರೆಗೆ ಬರಹದ ಸಾಹಿತ್ಯವಾಯಿತು. ಜನರ ಆಡುಮಾತಿನಲ್ಲಿ ಮೈಮೇಲಿನ ಕುರುಹಿಗೆ ಹಿಂದೊಮ್ಮೆ ಗೌರವದ ಸ್ಥಾನವಿದ್ದುದಕ್ಕೆ ಸಿಡುಬಿನ ಕಲೆಯೇ ನಿದರ್ಶನ. ಸಿಡುಬು ಬಂದರೆ ಅದನ್ನು ರೋಗವೆನ್ನದೆ ಅಮ್ಮ ಬಂದಿದೆ, ಅಮ್ಮ ಎದ್ದಿದೆ ಎನ್ನುತ್ತಿದ್ದರು. ಮಧುಗಿರಿಯ ದಂಡಿನ ಮಾರಮ್ಮನಂತಹ ಗ್ರಾಮದೇವತೆಗಳ ಆರಾಧನೆಯ ಹಿಂದೆ ಈ ಭಯಭಕ್ತಿಗಳೂ ಸೇರಿವೆ. ಅಮ್ಮನು ಬಂದು ಹೋದ ಮುಖದಲ್ಲಿ ಉಳಿದ ಕುಳಿಗಳು ಆಕೆಯ ಹೆಜ್ಜೆಗಳು. ಅದನ್ನು ಹಂಗಿಸಿದರೆ ಆಕೆಯನ್ನೇ ಹಂಗಿಸಿದಂತೆ. ಇದರಿಂದ ರೋಗ ಗುಣವಾಗಲಿಲ್ಲ, ಗುಣವಾದುದು ದೇವಿಹಾಕುವುದರಿಂದ. ಭಾರತದಲ್ಲಿ ಕೊನೆಯ ಸಿಡುಬು ಕಂಡುದು ೧೯೭೫ರಲ್ಲಿ, ಲೋಕದಿಂದಲೇ ಅದು ತೊಲಗಿತೆಂದು ಸಾರಿದುದು ೧೯೮೦ರಲ್ಲಿ. ಆ ಚುಚ್ಚುವಿಕೆಗೂ ಜನರು ದೇವಿಯ ಹೆಸರನ್ನೇ ಇಟ್ಟುದು ಗಮನಾರ್ಹ. ಸಿಡುಬಿನ ಮುಖದ ಹೆಣ್ಣಿಗೆ ವರ ಸಿಕ್ಕುವುದು ಕಷ್ಟವಾಗುತ್ತಿದ್ದುದೂ ಉಂಟು, ಆದಕಾರಣ ಹಳೆಯ ಕಾಲವನ್ನು ಹೊಗಳಿ ಪ್ರಯೋಜನವಿಲ್ಲ. ಆದರೂ ಹೇಳುವುದಕ್ಕೆ ಒಂದು ಮಾತಾದರೂ ಇತ್ತು. ಕಂದಿದ ಹಲ್ಲಿಗೆ, ಕತ್ತರಿಸಿದ ಕಾಲಿಗೆ, ಔಷಧಿಯಿಂದ ದಣಿದ ಹೃದಯಕ್ಕೆ ಅಂತಹ ಮಾತು ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ. ನೀರಿಗೆ ದೇವತೆಯ ಹೊಣೆಯಿಲ್ಲವಷ್ಟೆ, ಅದು ಪಂಚಾಯಿತಿಯ ಹೊಣೆ. ಶುದ್ಧನೀರಿನ ಘಟಕಗಳು ಈಗ ಹಳ್ಳಿಹಳ್ಳಿಗಳಲ್ಲಿ ನಿಂತಿವೆ. ಅವು ಮುಂದಿನ ಮಕ್ಕಳ ಹಲ್ಲನ್ನು ಕಾಪಾಡಿಯಾವು.

ಭಾಷೆಯ ವಿಷಯ ಬಂದುದರಿಂದ ಮತ್ತೊಂದು ಅಂಶ. ಕನ್ನಡದಲ್ಲಿ ಗಾಯವು ಮಾಯುವುದು. ಮಾಯು ಎಂಬ ಧಾತುವು ದೇಶ್ಯ. ಮಾಯವಾಗು ಎಂಬಲ್ಲಿನ ಮಾಯವು ಸಂಸ್ಕೃತದ ಮಾಯೆಯಿಂದ ಬಂದುದು. ಎರಡೂ ಕಿವಿಗೆ ಒಂದೇ ಆಗಿ ಕೇಳುವುದರಿಂದ, ಮಾಯ್ದುದೆಂದರೆ ಕಾಣದಂತಾದುದು ಎಂಬ ಭ್ರಾಂತಿಯುಂಟಾಗುವುದು ಸಹಜ. ಹಾಗೆಯೇ ಗಾಯದ ಗುರುತೆಂಬರ್ಥದ ಕಲೆಯು ದೇಶ್ಯ, ವಿದ್ಯೆಯೆಂಬರ್ಥದ ಕಲೆಯು ತದ್ಭವ. ಗಾಯ ಮಾಯ್ದು ಕಲೆ ನಿಲ್ಲಬಹುದೆಂಬುದನ್ನು ಕನ್ನಡದ ವೈಯಾಕರಣನು ಸುಲಭವಾಗಿ ಒಪ್ಪುವನು, ಕಷ್ಟವಿರುವುದು ಮನೆಯವರಿಗೆ.

ಆ ಕಷ್ಟದ ಚಿತ್ರವು ಹೊಸಗನ್ನಡದಲ್ಲಿ ಬಲವಾಗಿ ಮೂಡಿರುವುದು ತ್ರಿವೇಣಿಯವರ ಶರಪಂಜರದಲ್ಲಿ. ೧೯೬೩ರಲ್ಲಿ ತೀರಿಕೊಂಡ ಈ ಲೇಖಕಿಯ ಕಾದಂಬರಿಯನ್ನು ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಚಲಚ್ಚಿತ್ರವಾಗಿಸಿದ್ದರಿಂದ ಅದರ ಕಥೆಯು ಓದದವರಿಗೂ ತಿಳಿದಿದೆ. ಕಾವೇರಿಯದು ಮನಸ್ಸಿನ ವ್ಯಾಧಿ, ಬಾಲ್ಯದ್ದೂ ಅಲ್ಲ. ಆದರೆ ಆಸ್ಪತ್ರೆಯಿಂದ ಗುಣಹೊಂದಿ ಬಂದವಳನ್ನು ಮನೆಯು ಗುಣಹೊಂದಿದವಳೆಂದು ನಂಬದಿರುವುದೇ ಕಾದಂಬರಿಯ ತಿರುಳಾದುದರಿಂದ ಅದು ಇಲ್ಲಿಗೆ ಸಲ್ಲುತ್ತದೆ. ಅವಳು ಸಹಜವಾಗಿ ನಕ್ಕರೂ ಸಿಟ್ಟಾದರೂ ಅದು ಹಳೆಯ ರೋಗದ ಲಕ್ಷಣವೆಂದು ಎಣಿಸಲ್ಪಡುವುದು. ವೈದ್ಯನ ಮಾತಿಗಿಂತ ನೆರೆಯವರ ನೋಟ ಗಟ್ಟಿಯಾಗುವುದು. ಬಾಲ್ಯದಲ್ಲಿ ಕ್ಯಾನ್ಸರನ್ನು ದಾಟಿದವನಿಗೆ ಇಪ್ಪತ್ತೈದನೆಯ ವರ್ಷದಲ್ಲಿ ಬಂದ ಸಾಮಾನ್ಯ ಜ್ವರವೂ ಮನೆಯವರ ಮುಖದಲ್ಲಿ ಹೀಗೆಯೇ ಬೇರೊಂದು ಅರ್ಥವನ್ನು ಪಡೆಯುವುದು. ಕಾಲಕ್ರಮದಲ್ಲಿ ಅವನೂ ತನ್ನ ದೇಹವನ್ನು ಅವರ ಕಣ್ಣಿನಿಂದಲೇ ನೋಡಲಾರಂಭಿಸುವನು. ತ್ರಿವೇಣಿಯವರು ಕಾವೇರಿಗೆ ದಿವ್ಯವಸ್ತ್ರವನ್ನು ಕೊಡಲಿಲ್ಲ. ಮುಕ್ತಾಯವು ಕ್ರೂರವೆಂದು ಕೆಲವರು ಆಕ್ಷೇಪಿಸಿದರೂ, ರೂಪವನ್ನು ಮರಳಿಸಿ ಸಮಾಧಾನಪಡುವ ಹಳೆಯ ಜಾಡನ್ನು ಬಿಟ್ಟುದರಲ್ಲಿಯೇ ಆ ಕೃತಿಯ ಸತ್ಯವಿದೆ.

ವಿಶ್ವನಾಥನ ಒಕ್ಕಣ್ಣಿನ ದೃಷ್ಟಾಂತಕ್ಕೆ ಸಾಹಿತ್ಯದರ್ಪಣದಲ್ಲಿಯೇ ಒಂದು ಪ್ರತಿಯಿದೆ. ದೋಷವಿರುವ ಕೃತಿಯು ಕಾವ್ಯವೇ ಅಲ್ಲವೆಂದರೆ ಲೋಕದಲ್ಲಿ ಕಾವ್ಯವೇ ಉಳಿಯದೆಂದು ಕಂಡು, ಹುಳು ಕೊರೆದ ರತ್ನವೂ ರತ್ನವೇ ಆಗಿರುವಂತೆ, ರಸವು ಸ್ಫುಟವಾಗಿದ್ದರೆ ದೋಷವಿದ್ದರೂ ಕಾವ್ಯತ್ವವು ಹೋಗದೆಂಬ ಪೂರ್ವಿಕರ ಮಾತನ್ನು ಅವನು ಎತ್ತಿಕೊಳ್ಳುತ್ತಾನೆ. ಪಾಠಪುಸ್ತಕಗಳಲ್ಲಿ ದಂಡಿಯ ತೊನ್ನು ಬಂದಷ್ಟು ಸಲ ಈ ರತ್ನ ಬರುವುದಿಲ್ಲ. ನಳೋಪಾಖ್ಯಾನದಲ್ಲಿಯೂ ಇದೇ ಬಗೆಯ ಒಂದು ಸಣ್ಣ ಸಂದರ್ಭವುಂಟು, ಅದನ್ನು ಓದುಗರು ಬೇಗ ದಾಟಿಬಿಡುತ್ತಾರೆ. ಚೇದಿಯ ಅರಮನೆಯಲ್ಲಿ ಸೈರಂಧ್ರಿಯಾಗಿದ್ದ ದಮಯಂತಿಯನ್ನು ಬ್ರಾಹ್ಮಣ ಸುದೇವನು ಗುರುತಿಸುವುದು ಅವಳ ಹುಬ್ಬುಗಳ ನಡುವೆ ಹುಟ್ಟಿನಿಂದ ಇದ್ದ ಒಂದು ಮಚ್ಚೆಯಿಂದ. ಅದು ಕೊಳೆಯಿಂದ ಮುಚ್ಚಿಹೋಗಿತ್ತು. ರಾಜಪುತ್ರಿ ಸುನಂದೆಯು ಆ ಕೊಳೆಯನ್ನು ತೊಳೆದಾಗ ಮಚ್ಚೆಯು ಎಲ್ಲರಿಗೂ ಕಂಡಿತು. ರಾಜಮಾತೆ ಅವಳನ್ನು ತನ್ನ ತಂಗಿಯ ಮಗಳೆಂದು ಅರಿತು ಅಪ್ಪಿಕೊಂಡಳು.